ಮ್ಯೂಸಿಯಂನಲ್ಲಿ ಹಂಚಿನ ಕಥೆ ಹೇಳಲು ಹೋದಾಗ

ಮೊನ್ನೆ ಭಾನುವಾರ ನನ್ನ ಉಪನ್ಯಾಸ ಮುಗಿಯಿತು. ಅರ್ಜಿ ಕೊಟ್ಟದ್ದು ಮೇ ಕೊನೆಯಲ್ಲಿ, ಮಾತಾಡಿದ್ದು ಅಕ್ಟೋಬರ್‌ನಲ್ಲಿ. ನಲವತ್ತು ನಿಮಿಷದ ಮಾತಿಗೆ ಹತ್ತಿರ ಹತ್ತಿರ ಐದು ತಿಂಗಳು ಹಿಡಿಯಿತು. ನಾನು ಇತಿಹಾಸ ಓದಿದವಳಲ್ಲ, ಲೆಕ್ಕಪತ್ರ ನೋಡುವ ಕೆಲಸ ನನ್ನದು. ನನ್ನ ಹಾಗೆ ಊರಿನ ಕಥೆ ಹೇಳಬೇಕು ಅಂತ ಆಸೆ ಇದ್ದು, ಎಲ್ಲಿಂದ ಶುರು ಮಾಡುವುದು ಗೊತ್ತಿಲ್ಲದವರು ಜಾಸ್ತಿ ಇದ್ದಾರೆ. ಅವರಿಗೆ ಉಪಯೋಗವಾಗಲಿ ಅಂತ ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ.

ಶುರುವಾದದ್ದು ಬಂಟ್ವಾಳದ ಹತ್ತಿರ ಇರುವ ನಮ್ಮ ಅಜ್ಜಿ ಮನೆಯಿಂದ. ಕಳೆದ ಬೇಸಿಗೆಯಲ್ಲಿ ಅದನ್ನು ಕೆಡವಿದರು. ಸೋದರಮಾವನಿಗೆ ಬೇರೆ ದಾರಿ ಇರಲಿಲ್ಲ, ಛಾವಣಿಯ ಮರದ ಪಕ್ಕಾಸು ರೀಪುಗಳೆಲ್ಲ ಗೆದ್ದಲು ಹಿಡಿದಿದ್ದವು. ಕೆಲಸದವರು ಮೇಲಿಂದ ಹಂಚು ಇಳಿಸುತ್ತಿದ್ದರು. ಮೊದಲು ಕೈಯಿಂದ ಕೈಗೆ ದಾಟಿಸುತ್ತಿದ್ದವರು ಮಧ್ಯಾಹ್ನದ ಹೊತ್ತಿಗೆ ಎಸೆಯಲು ಶುರು ಮಾಡಿದರು. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಅದನ್ನು ಕಣ್ಣೆದುರೇ ನೋಡಿದೆ. ಸಂಕಟವಾಗಿ ಒಂದು ಹಂಚು ಎತ್ತಿಕೊಂಡೆ. ಪಾಚಿ ಒರೆಸಿದರೆ, ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನ ಹಂಚಿನ ಕಾರ್ಖಾನೆಯ ಹೆಸರು ಇಂಗ್ಲಿಷಿನಲ್ಲಿ ಕಾಣಿಸಿತು. ಅದರ ಜೊತೆಗೆ ಒಂದು ಇಸವಿ: 1865.

ಮೈ ಜುಮ್ಮೆಂದಿತು. ನಮ್ಮ ತಲೆಯ ಮೇಲೆ ಇಷ್ಟು ವರ್ಷ 1865ರ ಹಂಚು ಇತ್ತಾ ಅಂತ.

ನಮ್ಮ ಕಡೆ ಹಳೆಯ ಹಂಚಿನ ಕಾರ್ಖಾನೆಯ ಗೋದಾಮಿನಲ್ಲಿ ಒಂದು ಸಣ್ಣ ಮ್ಯೂಸಿಯಂ ಇದೆ. ಮಡಕೆ, ಕೊಡಪಾನ, ಬಿಸಲೆ, ಕುಂಬಾರರ ಚಕ್ರವಾದ ತಿಗರಿ, ಹಂಚು ಒತ್ತುವ ಯಂತ್ರ, ಎಲ್ಲವೂ ಅಲ್ಲಿವೆ. ತಿಂಗಳಿಗೊಮ್ಮೆ ಭಾನುವಾರ ಸ್ಥಳೀಯ ಇತಿಹಾಸದ ಬಗ್ಗೆ ಉಪನ್ಯಾಸ ಇರುತ್ತದೆ. ಯಾರು ಬೇಕಾದರೂ ಅರ್ಜಿ ಹಾಕಬಹುದು. ನಾನು ಹಾಕಿದೆ.

ಅರ್ಜಿಗೆ ಬೇಕಾದದ್ದು ಇಷ್ಟು: ಒಂದು ಪುಟದ ಟಿಪ್ಪಣಿ, ಗುರುತಿನ ಚೀಟಿಯ ಪ್ರತಿ, ಒಂದು ಫೋಟೊ. ತೋರಿಸುವ ಚಿತ್ರಗಳು ನನ್ನವು ಅಥವಾ ಅನುಮತಿ ಪಡೆದವು ಅಂತ ಬರೆದ ಸಹಿ ಪತ್ರವೂ ಬೇಕು. ಕೊನೆಯದ್ದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಾನು ಅಂತರ್ಜಾಲದಲ್ಲಿ ಸಿಕ್ಕಿದ ಹಳೆಯ ಫೋಟೊಗಳನ್ನು ಹಾಕಿಕೊಂಡರಾಯಿತು ಅಂದುಕೊಂಡಿದ್ದೆ. ಹಾಗೆ ಆಗುವುದಿಲ್ಲ. ಒಂದು ಸಂಗ್ರಹಕ್ಕೆ ಬರೆದು ಎರಡು ಚಿತ್ರಗಳಿಗೆ ಅನುಮತಿ ಪಡೆಯಲು ಮೂರು ವಾರ ಹಿಡಿಯಿತು. ಚಿತ್ರದ ಕೆಳಗೆ ಸಂಗ್ರಹದ ಹೆಸರು ಹಾಕಬೇಕು, ಬೇರೆಲ್ಲೂ ಬಳಸಬಾರದು ಅನ್ನುವುದು ಅವರ ಷರತ್ತು. ಟಿಪ್ಪಣಿ ಬರೆಯುವ ದಿನವೇ ಅನುಮತಿ ಕೇಳುವ ಪತ್ರವನ್ನೂ ಕಳಿಸಿಬಿಡಿ.

ನನ್ನ ಟಿಪ್ಪಣಿಯ ಶೀರ್ಷಿಕೆ ‘ನಮ್ಮ ಮನೆಯ 1865ರ ಹಂಚು’ ಅಂತ ಇತ್ತು. ಈ ಶೀರ್ಷಿಕೆ ನೆನಪಿಟ್ಟುಕೊಳ್ಳಿ, ಮುಂದೆ ಅದೇ ನನ್ನ ನಿದ್ದೆ ಕೆಡಿಸಿತು.

ಐದು ವಾರ ಉತ್ತರವೇ ಇಲ್ಲ. ಜೋರು ಮಳೆ. ದಿನಕ್ಕೆರಡು ಸಲ ಇ-ಮೇಲ್ ನೋಡುತ್ತಿದ್ದೆ. ನನ್ನಂಥವರ ಅರ್ಜಿಯನ್ನು ಯಾರು ನೋಡುತ್ತಾರೆ ಅನ್ನುವ ಭಾವನೆ ಬರತೊಡಗಿತ್ತು. ಜುಲೈ ಮೊದಲ ವಾರ ಫೋನ್ ಬಂತು. ಅಲ್ಲಿಯ ಉಸ್ತುವಾರಿ ನೋಡುವ ಸರ್ ನೇರವಾಗಿ ಕೇಳಿದರು: “ಮೇಡಂ, ಮಂಗಳೂರು ಹಂಚಿನ ಬಗ್ಗೆ ಇಲ್ಲಿ ಆಗಲೇ ಮೂರು ಜನ ಮಾತಾಡಿದ್ದಾರೆ. ನಿಮ್ಮದರಲ್ಲಿ ಹೊಸತು ಎಂತ ಉಂಟು?” ನನ್ನಲ್ಲಿ ಉತ್ತರ ಇರಲಿಲ್ಲ. “ನಮ್ಮ ಮನೆಯ ಹಂಚು ಸರ್” ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಆ ಹಂಚಿನ ಹಿಂದೆಯೇ ಹೋಗಿ. ಆಗಸ್ಟ್ ಮೂರನೇ ಭಾನುವಾರ ಇಟ್ಟುಕೊಳ್ಳುವ” ಅಂದರು. ಆ ಒಂದು ಮಾತು ನನಗೆ ದೊಡ್ಡ ಉಪಕಾರ ಮಾಡಿತು.

ನಿಮ್ಮ ಸರದಿ ಬರುವ ಮೊದಲು ಬೇರೆಯವರ ಉಪನ್ಯಾಸಕ್ಕೆ ಒಂದೆರಡು ಸಲ ಹೋಗಿ ಕುಳಿತು ಬನ್ನಿ. ಎಷ್ಟು ಹೊತ್ತಿಗೆ ಜನ ಗಡಿಯಾರ ನೋಡುತ್ತಾರೆ, ಹಿಂದಿನ ಸಾಲಿಗೆ ಧ್ವನಿ ಕೇಳುತ್ತದೆಯೇ, ಪರದೆಯ ಅಕ್ಷರ ಎಷ್ಟು ದೊಡ್ಡದಿರಬೇಕು, ಎಲ್ಲ ಗೊತ್ತಾಗುತ್ತದೆ. ನಾನು ಹೋದ ಜುಲೈ ಉಪನ್ಯಾಸ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಗ್ಗೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದಾಗ, ಯಾವ ಪದರ ಯಾವ ಕಾಲದ್ದು ಅಂತ ಹೇಳಲು ಮಡಕೆಯ ಚೂರುಗಳೇ ಮುಖ್ಯ ಆಧಾರವಾದವಂತೆ. ಚೂರಿನ ಮೇಲೆ ಇಸವಿ ಇರುವುದಿಲ್ಲ, ಅಲ್ವಾ. ಮಣ್ಣು, ಬಣ್ಣ, ಸುಟ್ಟ ರೀತಿ ನೋಡಿಯೇ ಕಾಲ ಹೇಳಬೇಕು. ನನ್ನ ಹಂಚಿನ ಮೇಲೆ ಇಸವಿಯೇ ಇದೆ, ನನ್ನ ಕೆಲಸ ಸುಲಭ ಅಂತ ಅಂದು ಅಂದುಕೊಂಡಿದ್ದೆ.

ಓದಲು ಶುರು ಮಾಡಿದೆ. ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1841ರಲ್ಲಿ ಅಚ್ಚುಕೂಟ ಶುರು ಮಾಡಿದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಬಂದದ್ದು ಇದೇ ಮಿಷನ್‌ನ ಹರ್ಮನ್ ಮೋಗ್ಲಿಂಗ್ ಅವರಿಂದ. ಮತ ಬದಲಿಸಿದವರಿಗೆ ಊರಿನಲ್ಲಿ ಕಸುಬು, ಆಸರೆ ಎರಡೂ ತಪ್ಪುತ್ತಿತ್ತು. ಅವರಿಗೆ ಕೆಲಸ ಕೊಡಲು ನೇಯ್ಗೆ ಬಂತು, ಆಮೇಲೆ ಹಂಚು ಬಂತು. ಅಚ್ಚುಕೂಟದ ಕೆಲಸಕ್ಕೆಂದು ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿ ದಡದ ಜೇಡಿಮಣ್ಣನ್ನು ಪರೀಕ್ಷೆ ಮಾಡಿ, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ಕಟ್ಟಿದರು. ಒಂದಕ್ಕೊಂದು ಕೊಂಡಿಯಂತೆ ಕೂರುವ ಹಂಚಿನ ಉಪಾಯ ಇಲ್ಲಿಯದ್ದಲ್ಲ. ಫ್ರಾನ್ಸಿನ ಆಲ್ಸೇಸ್‌ನ ಗಿಲಾರ್ಡೋನಿ ಸಹೋದರರು 1841ರಲ್ಲಿ ಅದಕ್ಕೆ ಪೇಟೆಂಟ್ ಪಡೆದಿದ್ದರು. ಇಲ್ಲಿಗೆ ಬಂದ ಮೇಲೆ ಅದು ನಮ್ಮ ಮಳೆಗೇ ಹೇಳಿ ಮಾಡಿಸಿದ ಹಾಗಾಯಿತು. ಹಂಚಿನ ಅಂಚಿನಲ್ಲಿ ಕಾಲುವೆ, ಪಕ್ಕದ ಹಂಚಿನಲ್ಲಿ ಅದರ ಮೇಲೆ ಕೂರುವ ತುಟಿ, ಅಡಿಯಲ್ಲಿ ರೀಪಿಗೆ ಸಿಕ್ಕಿಕೊಳ್ಳುವ ಗುಬಟು. ಮೊಳೆ ಬೇಡ. ಒಂದು ಒಡೆದರೆ ಅದನ್ನಷ್ಟೇ ಬದಲಿಸಬಹುದು.

ಎಲ್ಲಿ ಹುಡುಕುವುದು ಅಂತ ಕೇಳುವವರಿಗೆ: 1894ರಲ್ಲಿ ಬಂದ ಸ್ಟರಕ್ ಅವರ ಸೌತ್ ಕೆನರಾ ಜಿಲ್ಲಾ ಕೈಪಿಡಿಯನ್ನು ಅಂತರ್ಜಾಲದಲ್ಲಿ ಉಚಿತವಾಗಿ ಓದಬಹುದು. ಬಾಸೆಲ್ ಮಿಷನ್‌ನ ಹಳೆಯ ಫೋಟೊಗಳು, ನಕ್ಷೆಗಳು ಬಾಸೆಲ್‌ನ ಸಂಗ್ರಹದ ಜಾಲತಾಣದಲ್ಲಿ ಇವೆ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲೂ ಮಿಷನ್‌ಗೆ ಸೇರಿದ ಸಂಗ್ರಹ ಇದೆ. ಯಾವ ಸಂಗ್ರಹಕ್ಕೇ ಹೋಗುವುದಿದ್ದರೂ ಮೊದಲೇ ಬರೆದು ದಿನ ಗೊತ್ತು ಮಾಡಿಕೊಳ್ಳಿ. ಉಪನ್ಯಾಸ ಇಟ್ಟುಕೊಂಡವರಿಂದ ಒಂದು ಪತ್ರ ತೆಗೆದುಕೊಂಡು ಹೋಗಿ. ನಾನು ಪತ್ರವಿಲ್ಲದೆ ಒಂದು ಕಡೆ ಹೋಗಿ, ಅರ್ಧ ದಿನ ರಜೆ ಹಾಕಿದ್ದು ದಂಡವಾಗಿ ವಾಪಸ್ ಬಂದೆ. ಇನ್ನೊಂದು ತೊಡಕು ಭಾಷೆಯದ್ದು. ಮಿಷನ್‌ನವರ ಕಾಗದಗಳು ಹೆಚ್ಚಿನವು ಜರ್ಮನ್‌ನಲ್ಲಿ, ಅದೂ ಹಳೆಯ ಕೈಬರಹದಲ್ಲಿ ಇವೆ. ಇಂಗ್ಲಿಷಿನಲ್ಲಿ ಬಂದ ವಾರ್ಷಿಕ ವರದಿಗಳಿಂದ ಶುರು ಮಾಡಿದರೆ ದಾರಿ ಸಿಗುತ್ತದೆ.

ಇಷ್ಟು ಓದಿದ ಮೇಲೂ ಮನಸ್ಸಿಗೆ ಸಮಾಧಾನವಿರಲಿಲ್ಲ. ಕಾಗದದಲ್ಲಿ ಇದ್ದದ್ದೆಲ್ಲ ಕಾರ್ಖಾನೆ ಕಟ್ಟಿದವರ ಮಾತು. ಹಂಚು ಮಾಡಿದವರ ಮಾತು ಎಲ್ಲೂ ಇರಲಿಲ್ಲ. ದೊಡ್ಡಮ್ಮನ ಪರಿಚಯದವರ ಮೂಲಕ, ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದ ಅಮ್ಮ ಒಬ್ಬರನ್ನು ಹುಡುಕಿದೆ. ಎಂಬತ್ತು ದಾಟಿದೆ ಅವರಿಗೆ. ಮೊದಲ ಸಲ ಹೋದಾಗ ಮಾತೇ ಆಡಲಿಲ್ಲ. ಕಾಫಿ ಕೊಟ್ಟು, ಮಳೆಯ ಬಗ್ಗೆ ಎರಡು ಮಾತಾಡಿ ಕಳಿಸಿದರು. ಎರಡನೇ ಸಲ ಹಂಚನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋದೆ.

ಹಂಚು ಕಂಡದ್ದೇ ಅವರ ಮುಖ ಬದಲಾಯಿತು. ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯ ಬೆರಳ ಗಂಟಿನಿಂದ ತಟ್ಟಿದರು. ಟಣ್ ಅಂತು. “ಚೆನ್ನಾಗಿ ಬೆಂದಿದೆ ಮಗಾ” ಅಂದರು. ಆಮೇಲೆ ತಡೆಯಿಲ್ಲದೆ ಮಾತಾಡಿದರು. ಮಣ್ಣು ಹದವಾಗದಿದ್ದರೆ ಹಂಚು ಬಿರಿಯುತ್ತದೆ. ನೆರಳಲ್ಲಿ ಒಣಗಿಸದೆ ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ, ಸೊಟ್ಟಗಾದದ್ದು ಮಾಡಿನ ಮೇಲೆ ಕೂರುವುದಿಲ್ಲ. ಯಂತ್ರ ಒತ್ತುವುದು ಗಂಡಸರು. ಅಂಚು ಕೆತ್ತುವುದು, ಹೊರುವುದು ಹೆಂಗಸರು. ತಲೆಯ ಮೇಲೆ ಎಂಟು, ಕೆಲವೊಮ್ಮೆ ಹತ್ತು ಹಂಚು. ಒಂದು ಹಂಚು ಎರಡರಿಂದ ಮೂರು ಕಿಲೋ ತೂಗುತ್ತದೆ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ಇಪ್ಪತ್ತು, ಇಪ್ಪತ್ತೈದು ಕಿಲೋ, ದಿನವಿಡೀ. ಅವರು ನೆತ್ತಿಯ ಮೇಲಿನ ಕೂದಲನ್ನು ಸರಿಸಿ ತೋರಿಸಿದರು. ಅಲ್ಲಿ ಕೂದಲು ಮತ್ತೆ ಬಂದಿರಲಿಲ್ಲ.

ಹೊರಡುವಾಗ ನಾನು ಹೆಮ್ಮೆಯಿಂದ ಹೇಳಿದೆ: “ಅಮ್ಮಾ, ಇದು 1865ರ ಹಂಚು.” ಅವರು ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: “ಅದು ಕಂಪನಿ ಹುಟ್ಟಿದ ವರ್ಷ ಮಗಾ. ಹಂಚು ಹುಟ್ಟಿದ್ದಲ್ಲ. ಅಚ್ಚಿನಲ್ಲೇ ಕೆತ್ತಿರ್ತದೆ. ನಾವು ಒತ್ತುತ್ತಿದ್ದ ಹಂಚಿನಲ್ಲೂ ಹಳೇ ಇಸವಿಯೇ ಇತ್ತು.”

ಆ ರಾತ್ರಿ ನಿದ್ದೆ ಬರಲಿಲ್ಲ. ಟಿಪ್ಪಣಿ, ಶೀರ್ಷಿಕೆ, ಆಗಲೇ ಅಚ್ಚಾಗಿದ್ದ ಪೋಸ್ಟರ್, ಎಲ್ಲ ಆ ಇಸವಿಯ ಮೇಲೆ ನಿಂತಿದ್ದವು. ಬೆಳಿಗ್ಗೆ ಮಾವನಿಗೆ ಫೋನ್ ಮಾಡಿ ಹಳೆಯ ಲೆಕ್ಕದ ಪುಸ್ತಕ ಇದೆಯಾ ಕೇಳಿದೆ. ಮನೆ ಕೆಡವುವಾಗ ಪೆಟ್ಟಿಗೆಯಲ್ಲಿ ಹಾಕಿ ಅಟ್ಟದಿಂದ ಇಳಿಸಿದ್ದರಂತೆ. ಎರಡು ಭಾನುವಾರ ಕೂತು ಹುಡುಕಿದೆವು. ಅಜ್ಜನ ಅಪ್ಪನ ಕೈಬರಹ, ಹುಳ ತಿಂದ ಪುಟ. ಕೊನೆಗೆ ಸಿಕ್ಕಿತು. 1911ರಲ್ಲಿ ಹಂಚು ತರಿಸಿದ ಲೆಕ್ಕ, ಅದರ ಕೆಳಗೆ ದೋಣಿಯ ಬಾಡಿಗೆ. ಅದಕ್ಕಿಂತ ಹಿಂದಿನ ಪುಟಗಳಲ್ಲಿ ಪ್ರತಿ ವರ್ಷ ಮಳೆಗಾಲದ ಮೊದಲು ಛಾವಣಿಗೆ ಹೊದಿಸುವ ಮುಳಿಹುಲ್ಲಿನ ಖರ್ಚು ಇದೆ. 1911ರ ನಂತರ ಮುಳಿಹುಲ್ಲಿನ ಮಾತೇ ಇಲ್ಲ. ಮಾವ ಆ ಪುಟದ ಮೇಲೆ ಕೈಯಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು.

ನಿಮ್ಮ ಮನೆಯಲ್ಲೂ ಇಂಥ ಹಂಚು ಇದ್ದರೆ ಇಸವಿ ನೋಡಿ ತೀರ್ಮಾನಕ್ಕೆ ಬರಬೇಡಿ. ಕಾರ್ಖಾನೆಯ ಹೆಸರು ಹೆಚ್ಚು ಹೇಳುತ್ತದೆ. ಮೊದಲ ಮಹಾಯುದ್ಧ ಬಂದಾಗ ಜರ್ಮನ್ನರೇ ಹೆಚ್ಚಿದ್ದ ಬಾಸೆಲ್ ಮಿಷನ್‌ನ ಈ ಕಾರ್ಖಾನೆಗಳು ಸರ್ಕಾರದ ವಶಕ್ಕೆ ಹೋಗಿ, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಬ್ರಿಟಿಷ್ ಕಂಪನಿಯ ಕೈ ಸೇರಿದವು. ಬಾಸೆಲ್ ಮಿಷನ್ ಅಂತ ಇದ್ದರೆ ಅದಕ್ಕಿಂತ ಹಿಂದಿನದ್ದಾಗಿರುವ ಸಾಧ್ಯತೆ ಜಾಸ್ತಿ. ಆಮೇಲೆ ಮನೆಯ ಲೆಕ್ಕದ ಪುಸ್ತಕ, ಪಾಲುಪಟ್ಟಿ, ಹಳೆಯ ರಸೀದಿ ಹುಡುಕಿ.

ಉಸ್ತುವಾರಿ ಸರ್‌ಗೆ ಫೋನ್ ಮಾಡಿ ವಿಷಯ ಹೇಳುವಾಗ ನನ್ನ ಕೈ ನಡುಗುತ್ತಿತ್ತು. ಅವರು ಬೈಯಲಿಲ್ಲ. “ಈಗ ನಿಮ್ಮ ಹತ್ತಿರ ಹೊಸತು ಉಂಟಲ್ಲ” ಅಂದರು. ಶೀರ್ಷಿಕೆ ‘ಹಂಚಿನ ಮೇಲಿನ ಇಸವಿ’ ಅಂತ ಬದಲಾಯಿತು. ಪೋಸ್ಟರ್ ಮತ್ತೆ ಅಚ್ಚು ಹಾಕಿಸಿದ ಖರ್ಚು 600 ರೂಪಾಯಿ. ನಾನೇ ಕೊಟ್ಟೆ.

ಕಾರ್ಖಾನೆಯಲ್ಲಿ ದುಡಿದ ಆ ಅಮ್ಮನ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದ್ದೆ, ಅವರೂ ಒಪ್ಪಿದ್ದರು. ಅದನ್ನು ಸಭೆಯಲ್ಲಿ ಕೇಳಿಸಬೇಕಾದರೆ ಬರಹದಲ್ಲಿ ಒಪ್ಪಿಗೆ ಬೇಕು ಅಂತ ಮ್ಯೂಸಿಯಂನವರು ಹೇಳಿದರು. ಮೂರನೇ ಸಲ ಹೋದಾಗ ಅವರ ಮಗಳು ಅಡ್ಡ ಬಂದರು. “ನಮ್ಮ ಅಮ್ಮ ತಲೆಹೊರೆ ಹೊತ್ತದ್ದನ್ನು ಊರಿಗೆಲ್ಲ ಯಾಕೆ ಹೇಳಬೇಕು?” ನನಗೆ ಅದು ಹೆಮ್ಮೆಯ ವಿಷಯವಾಗಿ ಕಂಡಿತ್ತು. ಅವರಿಗೆ ಅದು ಕಷ್ಟದ ದಿನಗಳ ಗಾಯ. ವಾದ ಮಾಡಲು ನನಗೆ ಮನಸ್ಸಾಗಲಿಲ್ಲ. ಹೆಸರು, ಊರು, ಧ್ವನಿ ಯಾವುದೂ ಬೇಡ, ಹೇಳಿದ ವಿಷಯ ಮಾತ್ರ ಹೇಳಬಹುದು ಅಂತ ಒಪ್ಪಂದವಾಯಿತು. ಅದನ್ನು ಎರಡು ಸಾಲಿನಲ್ಲಿ ಬರೆದು ಇಬ್ಬರೂ ಸಹಿ ಹಾಕಿದರು. ಒಪ್ಪಿಗೆಯ ಮಾತನ್ನು ಮೊದಲ ಭೇಟಿಯಲ್ಲೇ, ಮನೆಯವರ ಎದುರಲ್ಲೇ ಆಡಿ. ನಾನು ತಡ ಮಾಡಿದ್ದರಿಂದ ಅವರ ಮನೆಯಲ್ಲಿ ಒಂದು ದಿನ ಬೇಸರ ಹುಟ್ಟಿತು. ಆ ನೋವು ನನಗಿನ್ನೂ ಇದೆ.

ಆಗಸ್ಟ್‌ನ ಆ ಭಾನುವಾರ ರೆಡ್ ಅಲರ್ಟ್. ಶನಿವಾರ ಸಂಜೆಯೇ ಮುಂದೂಡಿದರು. ಸೆಪ್ಟೆಂಬರ್‌ನ ದಿನ ಬೇರೆಯವರಿಗೆ ಹೋಗಿತ್ತು. ಕರಾವಳಿಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ದಿನ ಕೊಟ್ಟರೆ ಬೇರೆ ತಿಂಗಳು ಕೇಳಿಕೊಳ್ಳಿ.

ಅಕ್ಟೋಬರ್‌ನಲ್ಲಿ ಒಂದು ಗಂಟೆ ಮೊದಲೇ ಹೋದೆ. ಪೆನ್‌ಡ್ರೈವ್ ಹಾಕಿ ತೆರೆದರೆ ಪರದೆಯ ಮೇಲೆ ಕನ್ನಡವೇ ಇಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ನಾನು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದೆ, ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ಎದೆ ಧಸಕ್ಕೆಂದಿತು. ತಂಗಿಯ ಮಗ ಮನೆಯಿಂದ ಪಿಡಿಎಫ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದ, ಹತ್ತು ನಿಮಿಷ ಉಳಿದಿತ್ತು. ಯೂನಿಕೋಡ್‌ನಲ್ಲಿ ಬರೆಯಿರಿ, ಪಿಡಿಎಫ್ ಮಾಡಿ, ಹಿಂದಿನ ದಿನವೇ ಹೋಗಿ ತೆರೆದು ನೋಡಿ.

ಇಪ್ಪತ್ತಮೂರು ಜನ ಬಂದಿದ್ದರು. ಎಣಿಸಿದ್ದೇನೆ. ಹಂಚನ್ನು ಮೊದಲ ಸಾಲಿನವರ ಕೈಗೆ ಕೊಟ್ಟು ಮಾತು ಶುರು ಮಾಡಿದೆ. ಅದು ಕೈಯಿಂದ ಕೈಗೆ ಹೋಗುತ್ತ ಒಬ್ಬೊಬ್ಬರೂ ತಟ್ಟಿ ನೋಡಿದರು. ಮಾತಿನ ನಡುವೆ ಟಣ್, ಟಣ್ ಅಂತ ಕೇಳಿಸುತ್ತಿತ್ತು. ಲೆಕ್ಕದ ಪುಸ್ತಕದ 1911ರ ಪುಟ ತೋರಿಸಿದಾಗ ಮುಂದೆ ಕುಳಿತಿದ್ದ ಮಾವ ಕಣ್ಣೊರೆಸಿಕೊಂಡರು.

ಪ್ರಶ್ನೆಗಳ ಸಮಯದಲ್ಲಿ ಹಿಂದಿನ ಸಾಲಿನಿಂದ ವಯಸ್ಸಾದವರೊಬ್ಬರು ಎದ್ದರು. ಕುಂಬಾರರ ಮನೆಯವರು. “ಮೇಡಂ, ಕಾರ್ಖಾನೆಯ ಹಂಚಿಗಿಂತ ಮೊದಲು ಎಲ್ಲವೂ ಮುಳಿಹುಲ್ಲೇ ಅಲ್ಲ. ನಾಡಹಂಚು ಇತ್ತು. ಮಾಡುತ್ತಿದ್ದದ್ದು ನಮ್ಮವರು. ತುಳುವಿನಲ್ಲಿ ಹಂಚಿಗೆ ಓಡು ಅಂತಾರೆ, ನಮಗೆ ಓಡಾರಿ ಅಂತಾರೆ. ಯಂತ್ರದ ಹಂಚು ಬಂದ ಮೇಲೆ ನಮ್ಮವರು ಎಂತ ಆದರು ಅಂತ ನೀವು ಹೇಳಲಿಲ್ಲ.”

ನನ್ನಲ್ಲಿ ಉತ್ತರ ಇರಲಿಲ್ಲ. ಐದು ತಿಂಗಳು ಓದಿದ್ದೆ, ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. “ಗೊತ್ತಿಲ್ಲ, ನೀವೇ ಹೇಳಿ” ಅಂದೆ. ಅವರು ಮುಂದೆ ಬಂದು ಗಾಜಿನ ಪೆಟ್ಟಿಗೆಯ ಪಕ್ಕದ ತಿಗರಿಯ ಬಳಿ ನಿಂತು, ಮಣ್ಣಿಲ್ಲದೆ ಬರೀ ಕೈಯಲ್ಲಿ ಮಾಡಿ ತೋರಿಸಿದರು. ತಿಗರಿಯಲ್ಲಿ ಮಣ್ಣನ್ನು ಕೊಳವೆಯ ಹಾಗೆ ಎತ್ತಬೇಕು, ಒಂದು ತುದಿ ಅಗಲ, ಒಂದು ತುದಿ ಕಿರಿದು. ಹಸಿ ಇರುವಾಗಲೇ ಉದ್ದಕ್ಕೆ ಎರಡು ಕಡೆ ಗೆರೆ ಎಳೆಯಬೇಕು. ಒಣಗಿದ ಮೇಲೆ ಮೆಲ್ಲ ತಟ್ಟಿದರೆ ಎರಡು ಹೋಳು, ಎರಡು ಹಂಚು. ಅವರ ಹೆಬ್ಬೆರಳು ಗಾಳಿಯಲ್ಲಿ ಆ ಗೆರೆ ಎಳೆದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಯಂತ್ರದ ಹಂಚು ಬಂದ ಮೇಲೆ ಅವರ ಅಜ್ಜ ಹಂಚು ಬಿಟ್ಟು ಮಡಕೆ ಮಾತ್ರ ಮಾಡಿದರಂತೆ. ಅಪ್ಪ ಹಂಚಿನ ಕಾರ್ಖಾನೆಗೇ ಕೂಲಿಗೆ ಸೇರಿದರಂತೆ. ಸಭೆ ಮುಗಿಯಬೇಕಾದದ್ದು ಐದಕ್ಕೆ. ಆರೂವರೆ ಆದರೂ ಜನ ಎದ್ದಿರಲಿಲ್ಲ. ಪ್ರಶ್ನೆಗಳಿಗೆ ಹೆಚ್ಚು ಸಮಯ ಇಟ್ಟುಕೊಳ್ಳಿ ಅಂತ ನಾನು ಹೇಳುವುದು ಇದಕ್ಕೇ. ಮೂವತ್ತು ನಿಮಿಷ ಮಾತಾಡಿದರೆ ಸಾಕಿತ್ತು.

ಖರ್ಚು ಕೇಳುವವರಿಗೆ: ಬಸ್ಸು ಆಟೊ ಸುಮಾರು 1,400, ಜೆರಾಕ್ಸ್ ಮತ್ತು ಪ್ರಿಂಟ್ 900, ಪೋಸ್ಟರ್ 600, ಲೆಕ್ಕದ ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿಸಿದ್ದು 350. ಒಟ್ಟು 3,250 ರೂಪಾಯಿ. ರಜೆ ಹಾಕಿದ್ದು ಬೇರೆ. ಮ್ಯೂಸಿಯಂನವರು ಶಾಲು ಹೊದಿಸಿ 500 ರೂಪಾಯಿ ಪ್ರಯಾಣ ವೆಚ್ಚ ಕೊಟ್ಟರು. ಆ ಶಾಲನ್ನು ಮರುದಿನ ಹಂಚು ಹೊತ್ತ ಆ ಅಮ್ಮನ ಮನೆಗೆ ತೆಗೆದುಕೊಂಡು ಹೋದೆ. ಬಾಗಿಲು ತೆರೆದದ್ದು ಮಗಳು. ಒಳಗೆ ಕರೆದರು.

ಸಭೆಯ ದಿನ ಹೊರಡುವಾಗ ಆ ಓಡಾರಿ ಮನೆಯ ಹಿರಿಯರು ಗೇಟಿನ ಬಳಿ ಕಾದು ನಿಂತಿದ್ದರು. ಜನವರಿಯಲ್ಲಿ ಮಾತಾಡಿ ಅಂತ ಉಸ್ತುವಾರಿ ಸರ್ ಅವರನ್ನು ಕೇಳಿದ್ದಾರೆ. “ಒಂದು ಪುಟ ಬರೆದು ಕೊಡಬೇಕಂತೆ ಮೇಡಂ. ನನಗೆ ಬರೆದು ಅಭ್ಯಾಸ ಇಲ್ಲ.” ನೀವು ಹೇಳಿ, ನಾನು ಬರೆಯುತ್ತೇನೆ ಅಂದೆ. ಈ ಭಾನುವಾರ ಅವರ ಮನೆಗೆ ಹೋಗುತ್ತಿದ್ದೇನೆ. ಒಪ್ಪಿಗೆ ಪತ್ರದ ಎರಡು ಪ್ರತಿಗಳನ್ನು ಈಗಲೇ ಚೀಲಕ್ಕೆ ಹಾಕಿಟ್ಟಿದ್ದೇನೆ.